ಚಕ್ರ ತಿರುಗುವವರೆಗೂ ಸಲ್ಲುತ್ತದೆ

ಜನವರಿ ೯

ಚಕ್ರಣ್ಣನವರಿಗೆ,

ಕಾಗೆಕಾಲು ಗುಬ್ಬಿಕಾಲಿನ ಈ ಅಕ್ಷರ ನೋಡಿದ ಕೂಡಲೇ ಬರೆದವಳು ಯಾರೆಂದು ಗೊತ್ತಾಗಿರುತ್ತದೆ. ಹದಿನೇಳು ವರ್ಷ ದಿನಕ್ಕೊಂದರಂತೆ ಬಿಳಿ ಚೀಟಿಯಲ್ಲಿ ಇದನ್ನೇ ಓದಿದವರು ನೀವು. ನಿಮ್ಮ ವಿಳಾಸ ಕೊಟ್ಟವನು ಪಾರ್ಕಿನಲ್ಲಿ ಕನ್ನಡಿ ಮನೆ ನೋಡಿಕೊಳ್ಳುತ್ತಿದ್ದನಲ್ಲ, ಅವನು. ಫೋನ್ ನಂಬರನ್ನೂ ಕೊಡಲು ಬಂದ, ನಾನೇ ಬೇಡವೆಂದೆ. ಫೋನಿನಲ್ಲಿ ನೀವು ‘ಹೂಂ’ ಎಂದು ಇಟ್ಟುಬಿಡುತ್ತೀರಿ. ಬರೀ ‘ಹೂಂ’ ಎಂದು ಬರೆದ ಕಾಗದವನ್ನು ಅಂಚೆಗೆ ಹಾಕಲು ನಿಮಗೂ ನಾಚಿಕೆಯಾದೀತು.

ನಾನು ಟಿಕೆಟ್ ಹರಿದ, ನೀವು ಜಯಂಟ್ ವೀಲ್ ತಿರುಗಿಸಿದ ನಮ್ಮ ಪಾರ್ಕು ಮತ್ತೆ ತೆರೆದಿದೆ. ಹೊಸ ಕಂಪನಿ, ಹೊಸ ಬಣ್ಣ, ಹೊಸ ಗೇಟು. ಟಿಕೆಟ್ ಕಿಟಕಿ ಮಾತ್ರ ಇಲ್ಲ. ಜನ ಮನೆಯಲ್ಲೇ ಫೋನು ಒತ್ತಿ ಬರುತ್ತಾರೆ, ಗೇಟಿನಲ್ಲಿ ಅವರ ಮಣಿಕಟ್ಟಿಗೊಂದು ಪಟ್ಟಿ ಸುತ್ತುತ್ತಾರೆ. ಆಸ್ಪತ್ರೆಯಲ್ಲಿ ಆಗತಾನೇ ಹುಟ್ಟಿದ ಕೂಸಿಗೆ ಸುತ್ತುತ್ತಾರಲ್ಲ, ಅಂಥದ್ದೇ.

ಹೋದ ವಾರ ನನ್ನ ಮನೆಗೆ ಒಬ್ಬ ಬಸ್ ಕಂಡಕ್ಟರ್ ಹೆಂಗಸು ಬಂದಿದ್ದಳು. ಡ್ಯೂಟಿಯ ಚೀಲದಿಂದ ಒಂದು ಹಳೆಯ ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟಳು. ಒಳಗೆ ಮೂರು ಕೆಂಪು ಚೀಟಿ. ಮೂಲೆಯಲ್ಲಿ ನನ್ನ ಪಂಚಿನ ಮೀನಿನ ಆಕಾರದ ತೂತು. ಹಿಂಬದಿ ನಮ್ಮ ಹಳೆಯ ಯಜಮಾನರು ಜಂಬದಿಂದ ಅಚ್ಚು ಹಾಕಿಸಿದ್ದ ಸಾಲು: ‘ಈ ಚೀಟಿ ಚಕ್ರ ತಿರುಗುವವರೆಗೂ ಸಲ್ಲುತ್ತದೆ.’

ಅವಳು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಕೊನೆಯ ದಿನದ ಕೊನೆಯ ಮೂವರಲ್ಲಿ ಹಿರಿಯ ಮಗಳು. ಆಗ ಅವಳಿಗೆ ಒಂಬತ್ತು, ತಂಗಿಗೆ ಏಳು. ತಾಯಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು, ಕೆಲಸದಿಂದ ನೇರವಾಗಿ ಬಂದಿದ್ದರಿಂದ ಅವಳ ಕೈಯಲ್ಲಿ ಸೋಪಿನ ವಾಸನೆ ಇತ್ತು. ನಾನು ಚೀಟಿ ಕೊಟ್ಟೆ. ಅವರು ಓಡಿದರು. ಅವರು ಚಕ್ರದ ಬಳಿ ತಲುಪುವಷ್ಟರಲ್ಲಿ ನೀವು ಅದನ್ನು ನಿಲ್ಲಿಸಿಬಿಟ್ಟಿದ್ದಿರಿ. ತಿರುಗಿ ಬಂದವರಿಗೆ ನಾನು ಕಿಟಕಿಯಿಂದ ಕೈ ಚಾಚಿ, “ನಾಳೆ ಬನ್ನಮ್ಮ, ನಾನು ಮಾರಿದ ಚೀಟಿ ಎಲ್ಲಿಗೂ ಹೋಗಲ್ಲ” ಎಂದೆ. ಮಾರನೆಯ ದಿನ ಗೇಟಿಗೆ ಬೀಗ.

ಈಗ ಆ ತಾಯಿಗೆ ಎಪ್ಪತ್ತು. ಬಸ್ಸಿನ ಕಿಟಕಿಯಿಂದ ಚಕ್ರದ ದೀಪ ಕಂಡು, ನನ್ನ ಚೀಟಿ ಇನ್ನೂ ಇದೆ ಎಂದಳಂತೆ. ಮಗಳು ಗೇಟಿಗೆ ಹೋಗಿ ಕೇಳಿದ್ದಾಳೆ. ಹಳೆಯ ಚಕ್ರ ಗುಜರಿಗೆ ಹೋಯಿತು, ಇದು ಹೊಸದು, ಚೀಟಿ ಸಲ್ಲುವುದಿಲ್ಲ ಎಂದರಂತೆ. ಅವಳು ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: “ಅಮ್ಮಾ, ಟಿಕೆಟ್ ಹರಿದು ಕೊಟ್ಟ ಮೇಲೆ ನಾನು ಯಾರನ್ನಾದ್ರೂ ಬಸ್ಸಿಂದ ಇಳಿಸೋಕಾಗುತ್ತಾ?”

ಪಾರ್ಕಿನಲ್ಲಿ ಹದಿನೇಳು ವರ್ಷ, ರೈಲು ನಿಲ್ದಾಣದಲ್ಲಿ ಹದಿನೆಂಟು ವರ್ಷ ಕಿಟಕಿಯ ಹಿಂದೆ ಕೂತವಳು ನಾನು. ನಾನು ಮಾರಿದ್ದರಲ್ಲಿ ಸಲ್ಲದೆ ಹೋದದ್ದು ಈ ಮೂರೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಇನ್ನೂ ಪೂರ್ತಿ ಹೋಗಿಲ್ಲ ಎಂದು ನನಗೆ ಅನ್ನಿಸುತ್ತದೆ. ಇದು ಅದೇ ಚಕ್ರವೋ ಅಲ್ಲವೋ, ಹೇಳಬಲ್ಲವರು ನೀವೊಬ್ಬರೇ. ಅಂದು ನೀವು ಮಾಡಿದ ಅವಸರವನ್ನು ಇಂದಾದರೂ ತಿದ್ದಿ.

ಕಿಟಕಿಯಕ್ಕ


ಫೆಬ್ರವರಿ ೧೪

ಕಿಟಕಿಯಕ್ಕನವರಿಗೆ,

ಕಾಗದ ತಲುಪಿತು. ಉತ್ತರ ತಡವಾಯಿತು.

ನಾನು ಈಗ ಮಗಳ ಮನೆಯಲ್ಲಿದ್ದೇನೆ. ನಾಲ್ಕನೇ ಮಹಡಿ. ಪಾರ್ಕು ಮುಚ್ಚಿದ ಮೇಲೆ ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸಿದೆ. ಜನರನ್ನು ಸುತ್ತ ತಿರುಗಿಸುತ್ತಿದ್ದವನು ಹದಿನಾರು ವರ್ಷ ಮೇಲೆ ಕೆಳಗೆ ಓಡಾಡಿಸಿದೆ. ಲಿಫ್ಟಿನಲ್ಲಿ ಯಾರೂ ನಗುವುದಿಲ್ಲ, ಎಲ್ಲರೂ ಬಾಗಿಲನ್ನೇ ನೋಡುತ್ತಾರೆ. ಅದೊಂದೇ ಬೇಸರ, ಉಳಿದಂತೆ ಕೆಲಸ ಚೆನ್ನಾಗಿತ್ತು.

ನಿಮ್ಮ ಕಾಗದ ಬಂದ ಮೇಲೆ ನನಗೆ ನೆನಪಾದದ್ದು ಮನೆಯವರ ಗಂಟೆ. ತಿಂಗಳ ಕೊನೆಯ ಸೋಮವಾರ ಆರಕ್ಕೆ ಗೇಟು ಮುಚ್ಚಿ, ಏಳರವರೆಗೆ ಪಾರ್ಕು ನಮ್ಮ ನಮ್ಮ ಮನೆಯವರಿಗೆ. ಚೀಟಿಯಿಲ್ಲ, ಸಾಲಿಲ್ಲ. ಗುಡಿಸುವವಳ ಮಕ್ಕಳು ಯಜಮಾನರ ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದರು. ನಿಮ್ಮ ಅತ್ತೆ ನಾಲ್ಕನೇ ತೊಟ್ಟಿಲಲ್ಲಿ ಕೂತು, ಮೇಲೆ ಹೋಗುವ ಮೊದಲೇ “ಇಳಿಸಪ್ಪಾ, ಇಳಿಸಪ್ಪಾ” ಎಂದು ಕೂಗಿದ್ದರು. ನಿಲ್ಲಿಸಿದೆ. ಇಳಿಯಲಿಲ್ಲ. “ಯಾಕೆ ನಿಲ್ಲಿಸಿದೆ?” ಎಂದು ನನ್ನನ್ನೇ ಬೈದರು. ಒಟ್ಟು ಐದು ಸುತ್ತು ಹಾಕಿದರು.

ನೀವು ಮಾತ್ರ ಒಮ್ಮೆಯೂ ಹತ್ತಲಿಲ್ಲ. ಎಲ್ಲರೂ ಚಕ್ರದ ಮೇಲಿದ್ದರೆ ನಿಮ್ಮ ಕಿಟಕಿಯಲ್ಲಿ ದೀಪ ಉರಿಯುತ್ತಿರುತ್ತಿತ್ತು. ಹರಿದ ಚೀಟಿಗಳ ಅರ್ಧ ತುಂಡುಗಳನ್ನು ಎಣಿಸುತ್ತಾ ಕೂತಿರುತ್ತಿದ್ದಿರಿ.

ಚಕ್ರದ ವಿಷಯ: ಇದು ಅದೇ ಹೌದೋ ಅಲ್ಲವೋ ನಾನು ಇಲ್ಲಿಂದ ಹೇಗೆ ಹೇಳಲಿ? ಎಲ್ಲ ಚಕ್ರವೂ ಗುಂಡಗೇ ಇರುತ್ತದೆ. ಆ ಸಂಜೆಯನ್ನು ಕೆದಕುವುದು ಬೇಡ. ಆ ತಾಯಿಗೆ ಹೊಸ ಟಿಕೆಟ್ಟು ತೆಗೆಸಿಕೊಡಿ, ಸಂತೋಷವಾಗಿ ಹತ್ತಲಿ.

ಆರೋಗ್ಯ ನೋಡಿಕೊಳ್ಳಿ.

ಚಕ್ರದವನು


ಫೆಬ್ರವರಿ ೨೧

ಚಕ್ರಣ್ಣನವರಿಗೆ,

ನಿಮ್ಮ ಅಕ್ಷರ ಇಷ್ಟು ದುಂಡಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಹದಿನೇಳು ವರ್ಷದಲ್ಲಿ ಒಂದು ಸಾಲು ಬರೆದಿದ್ದರೆ ತಾನೇ ಗೊತ್ತಾಗುವುದು? ಅಕ್ಷರ ದುಂಡಗಾದರೆ ಸಾಲದು, ಮಾತೂ ನೆಟ್ಟಗಿರಬೇಕು. ಎಲ್ಲ ಚಕ್ರವೂ ಗುಂಡಗಂತೆ. ನಿಮ್ಮ ಚಕ್ರದ ನಟ್ಟಿಗೆ ಯಾರಾದರೂ ಕೈ ತಾಗಿಸಿದರೆ ಒದ್ದೆ ಬಟ್ಟೆ ಹಿಡಿದು ಓಡಿಬರುತ್ತಿದ್ದವರು ನೀವು.

ಹೊಸ ಟಿಕೆಟ್ಟು ತೆಗೆಸಿಕೊಡಿ ಎಂದಿರಿ. ಕಂಡಕ್ಟರಿಗೆ ಅಷ್ಟು ತಾಕತ್ತಿಲ್ಲವೇ? ನಾನೇ ಒಮ್ಮೆ ಹಾಗೆ ಹೇಳಿದೆ. ಅವಳು ನಕ್ಕು, ತಾಯಿ ಒಪ್ಪುವುದಿಲ್ಲ ಎಂದಳು. “ಇದು ಸಲ್ಲುತ್ತೆ ಅಂತ ಆ ಕಿಟಕಿಯಮ್ಮ ಹೇಳಿದಾಳೆ” ಎನ್ನುತ್ತಾಳಂತೆ ಆ ತಾಯಿ. ಅದನ್ನು ಕೇಳಿ ನನಗೆ ಊಟ ಸೇರಲಿಲ್ಲ.

ಮೊದಲ ಕಾಗದದಲ್ಲಿ ಒಂದು ವಿಷಯ ಬರೆಯಲಿಲ್ಲ, ಮಾನ ಹೋಗುತ್ತದೆಂದು. ನಿಮಗೆ ಬರೆಯುವ ಮೊದಲೇ ನಾನು ಗೇಟಿಗೆ ಹೋಗಿದ್ದೆ. ಇಸ್ತ್ರಿ ಸೀರೆ ಉಟ್ಟು, ಮೂರು ಚೀಟಿ ಹಿಡಿದು. ಪಟ್ಟಿ ಸುತ್ತುವ ಹುಡುಗಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಅಜ್ಜಿ, ಚೆನ್ನಾಗಿದೆ, ಫ್ರೇಮ್ ಹಾಕಿಸಿ ಇಟ್ಕೊಳ್ಳಿ” ಎಂದಳು. ಮ್ಯಾನೇಜರನ್ನು ಕಾಣಬೇಕೆಂದೆ. ಕಳೆದುಹೋದ ಮಕ್ಕಳನ್ನು ಕೂರಿಸುವ ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿದರು. ಪಕ್ಕದಲ್ಲಿ ನಿಜವಾಗಿಯೂ ಕಳೆದುಹೋಗಿದ್ದ ಒಂದು ಹುಡುಗಿ ನನಗೆ ತನ್ನ ಬಲೂನು ಹಿಡಿದುಕೊಳ್ಳಲು ಕೊಟ್ಟಳು. ಅವಳ ಅಪ್ಪ ಬಂದು ಕರೆದುಕೊಂಡು ಹೋದ. ನನ್ನನ್ನು ಯಾರೂ ಕರೆಯಲಿಲ್ಲ.

ನಾನು ಎಂಥ ಚೀಟಿ ಮಾರಿದವಳು ಎಂದು ಅವರಿಗೇನು ಗೊತ್ತು? ಹಳದಿ ಮರದ ಕುದುರೆಗೆ, ಹಸಿರು ದೋಣಿಗೆ, ಕೆಂಪು ನಿಮ್ಮ ಚಕ್ರಕ್ಕೆ. ಹೆಬ್ಬೆರಳಿಗೆ ರಬ್ಬರ್ ಟೋಪಿ ಹಾಕಿ ಒಂದೇ ಎಳೆತಕ್ಕೆ ಹರಿಯುತ್ತಿದ್ದೆ, ಅಂಚು ಒಂದು ನೂಲಿನಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಗಡಿಯಾರದ ಮೊಹರು ಒತ್ತಿದರೆ ಗಂಟೆ ನಿಮಿಷ ಎರಡೂ ಬೀಳುತ್ತಿತ್ತು. ಮಕ್ಕಳು ಮೀನಿನ ತೂತಿನಿಂದ ಒಂದು ಕಣ್ಣಿಟ್ಟು ನನ್ನನ್ನೇ ನೋಡುತ್ತಿದ್ದವು.

ಕಿಟಕಿ ಮುಚ್ಚುವ ಹೊತ್ತಿಗೆ ಇದ್ದ ಪದ್ಧತಿ ನಿಮಗೆ ಮರೆತಿರಲಾರದು. ಕೊನೆಯ ಚೀಟಿ ಮಾರಿದ ಮೇಲೆ ಹತ್ತು ನಿಮಿಷ ಕಾಯುವುದು, ಯಾಕೆಂದರೆ ಗೇಟಿನಿಂದ ಚಕ್ರಕ್ಕೆ ಆರು ನಿಮಿಷದ ದಾರಿ. ಆಮೇಲೆ ಒಂದು ಬಿಳಿ ಚೀಟಿಯಲ್ಲಿ ಹೊತ್ತು ಬರೆದು, ದಿನದ ಲೆಕ್ಕ ಬರೆದು, ಗುಡಿಸುವವಳ ಕೈಯಲ್ಲಿ ನಿಮಗೆ ಕಳಿಸುವುದು. ಬಿಳಿ ಚೀಟಿ ಬಂದರೆ ಇನ್ನು ಯಾರೂ ಬರುವುದಿಲ್ಲ, ಇದ್ದವರನ್ನು ಇಳಿಸಿ ಚಕ್ರ ನಿಲ್ಲಿಸಬಹುದು ಎಂದು. ಬಿಳಿ ಚೀಟಿ ಬರದೆ ನೀವು ಯಾವತ್ತೂ ನಿಲ್ಲಿಸಿದವರಲ್ಲ. ಅದೊಂದು ದಿನ ಯಾಕೆ ನಿಲ್ಲಿಸಿದಿರಿ? ಇಪ್ಪತ್ತೆರಡು ವರ್ಷದಿಂದ ಇದನ್ನು ಕೇಳಬೇಕೆಂದಿದ್ದೆ. ಈಗ ಕೇಳಿದ್ದೇನೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನಗೆ ಆನೆ ಬೇಡ. ಅಡಿಕೆಯಷ್ಟು ಸಾಕ್ಷಿ ಕೊಡಿ, ಸಾಕು.

ಕಿಟಕಿಯಕ್ಕ


ಏಪ್ರಿಲ್ ೨

ಕಿಟಕಿಯಕ್ಕನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಮನಸ್ಸಿಲ್ಲ. ಆದರೆ ಆ ತಾಯಿ ಇನ್ನೂ ಚೀಟಿ ಇಟ್ಟುಕೊಂಡಿದ್ದಾಳೆ ಎಂದು ಬರೆದಿರಿ. ಅದನ್ನು ಒಂದು ತಿಂಗಳಿಡೀ ಯೋಚಿಸಿದೆ. ಅಂದು ಆ ಚಿಕ್ಕ ಹುಡುಗಿ ನಿಂತ ಚಕ್ರವನ್ನು ನೋಡಿ ನನ್ನನ್ನು ಕೇಳಿದ್ದಳು: “ಮಾಮಾ, ಇದಕ್ಕೆ ನಿದ್ದೆ ಬಂತಾ?” ನಾನು ಹೌದೆಂದೆ. ಎಬ್ಬಿಸುವ ಸ್ವಿಚ್ಚಿಗೆ ಯಜಮಾನರ ಕಡೆಯವರು ಆಗಲೇ ಬೀಗ ಹಾಕಿ ಆಗಿತ್ತು.

ಸಾಕ್ಷಿ ಇದೆ. ಚಕ್ರದ ಅಚ್ಚು ಹೊತ್ತ ದೊಡ್ಡ ಕಂಬದ ಬುಡದಲ್ಲಿ, ನಾನು ನಿಲ್ಲುತ್ತಿದ್ದ ಕಡೆ, ಮೊಣಕಾಲೆತ್ತರಕ್ಕೆ ಒಂದು ಕಬ್ಬಿಣದ ತಟ್ಟೆ ಇದೆ. ಎಷ್ಟು ಬಣ್ಣ ಬಳಿದಿದ್ದರೂ ಬೆರಳಿಗೆ ಸಿಗುತ್ತದೆ. ನಾಲ್ಕು ಬೋಲ್ಟು. ಮೂರು ಸಾಮಾನ್ಯದವು. ಕೆಳಗಿನ ಬಲಮೂಲೆಯದು ಉಲ್ಟಾ ತಿರುಪಿನದು. ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಬಿಡುತ್ತದೆ. ಬೇರೆ ಯಾರೂ ತೆರೆಯಬಾರದೆಂದು ನಾನೇ ಲೇತಿನಲ್ಲಿ ತಿರುಪು ಕೊರೆದು ಕೂರಿಸಿದ್ದು. ಪ್ರಪಂಚದ ಯಾವ ಹೊಸ ಚಕ್ರದಲ್ಲೂ ಅದು ಇರುವುದಿಲ್ಲ.

ಒಳಗೆ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ನೀವು ಕಳಿಸಿದ ಬಿಳಿ ಚೀಟಿಗಳು. ಎಲ್ಲವೂ. ವರ್ಷಕ್ಕೊಂದು ಕಟ್ಟು. ಎಸೆಯಲು ಮನಸ್ಸಾಗಲಿಲ್ಲ, ಅಷ್ಟೇ.

ಒಂದು ಬೇಡಿಕೆ. ಎಲ್ಲಕ್ಕಿಂತ ಮೇಲೆ ಕಟ್ಟದೇ ಬಿಟ್ಟ ಒಂದು ಚೀಟಿ ಇದೆ. ಅದನ್ನು ಯಾರಿಗೂ ತೋರಿಸಬೇಡಿ. ನೀವೂ ಓದದೆ ಹರಿದುಹಾಕಿ.

ಚಕ್ರದವನು


ಏಪ್ರಿಲ್ ೧೯

ಚಕ್ರಣ್ಣನವರಿಗೆ,

ಕೂತು ಓದಿ. ನಿಂತಿದ್ದರೆ ಮೊದಲು ಕುರ್ಚಿ ಎಳೆದುಕೊಳ್ಳಿ.

ಕಂಡಕ್ಟರಮ್ಮ ರಜೆ ಹಾಕಿ ಜೊತೆಗೆ ಬಂದಳು. ಈ ಸಲ ನಾನು ಬೆಂಚಿನ ಮೇಲೆ ಕೂರಲಿಲ್ಲ. ಗೇಟಿನ ಮುಂದೆ ಸಾಲಿನ ತಲೆಯಲ್ಲಿ ನಿಂತು, ಮ್ಯಾನೇಜರ್ ಬರುವವರೆಗೆ ಕದಲುವುದಿಲ್ಲ ಎಂದೆ. ಹಿಂದಿದ್ದವರು ಗೊಣಗಿದರು. ಕಂಡಕ್ಟರಮ್ಮ ತಿರುಗಿ, “ಒಳಗೆ ಜಾಗ ಇದೆ, ಎಲ್ರೂ ಹೋಗಬಹುದು, ಸ್ವಲ್ಪ ತಡೀರಿ” ಎಂದು ಬಸ್ಸಿನ ದನಿಯಲ್ಲಿ ಹೇಳಿದಳು. ಸಾಲು ತಾನಾಗಿ ನೆಟ್ಟಗಾಯಿತು.

ಮ್ಯಾನೇಜರ್ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು, ಇಂಜಿನಿಯರಂತೆ. ನಾನು ಅಂದುಕೊಂಡಷ್ಟು ಕೆಟ್ಟವಳಲ್ಲ, ಅಂದು ನಾನು ಕಾದ ಸುದ್ದಿ ಅವಳಿಗೆ ಮುಟ್ಟಿಯೇ ಇರಲಿಲ್ಲ. ಹಳೆಯ ಚಕ್ರ ಗುಜರಿಗೆ ಹೋಯಿತೆಂದು ಕಂಪನಿಯ ಕಾಗದದಲ್ಲೇ ಇದೆ, ತಾನೇನು ಮಾಡಲಿ ಎಂದಳು. ಕಾಗದ ಹಾಗಿರಲಿ, ಕಂಬ ಏನನ್ನುತ್ತದೆ ಕೇಳೋಣ ಬಾ ಎಂದೆ.

ತಟ್ಟೆ ಸಿಕ್ಕಿತು. ಮೆಕ್ಯಾನಿಕ್ ಮೂರು ಬೋಲ್ಟು ಸಲೀಸಾಗಿ ಬಿಚ್ಚಿದ. ನಾಲ್ಕನೆಯದಕ್ಕೆ ಜೋತುಬಿದ್ದ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದ, ಮುಖ ಕೆಂಪಾಯಿತು. ತುಕ್ಕು ಹಿಡಿದಿದೆ, ಕತ್ತರಿಸಬೇಕು ಎಂದ. ನಾನು ಮುಂದೆ ಹೋದೆ.

“ಬಲಕ್ಕೆ ತಿರುಗಿಸಪ್ಪ.”

“ಅಜ್ಜಿ, ಬಲಕ್ಕೆ ತಿರುಗಿಸಿದ್ರೆ ಬಿಗಿ ಆಗುತ್ತೆ.”

“ಎಲ್ಲಾ ಬೋಲ್ಟಿಗೂ ಹೌದು. ಇದು ನಮ್ಮ ಚಕ್ರಣ್ಣಂದು.”

ಅವನು ನನ್ನ ಸಮಾಧಾನಕ್ಕೆಂದು ಬಲಕ್ಕೆ ಒಂದು ಒತ್ತು ಒತ್ತಿದ. ಬೋಲ್ಟು ಕಿರ್ರೆಂದು ಬಿಟ್ಟುಕೊಂಡಿತು. ಚಕ್ರಣ್ಣ, ಆ ಸದ್ದಿನಂಥ ಸದ್ದು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮೆಕ್ಯಾನಿಕ್ ನನ್ನನ್ನು ನೋಡಿದ, ಬೋಲ್ಟನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಮ್ಯಾನೇಜರ್ ನೆಲದ ಮೇಲೆಯೇ ಕೂತು ಡಬ್ಬಿ ಎಳೆದಳು. ಹದಿನೇಳು ಕಟ್ಟು. ಅವಳೇ ಎಣಿಸಿ ಹೇಳಿದಳು: ಐದು ಸಾವಿರದ ಮುನ್ನೂರ ಹನ್ನೊಂದು. ಒಂದೊಂದಾಗಿ ಓದತೊಡಗಿದಳು. ‘ಇವತ್ತು ೪೧೨. ಗಾಳಿ ಜೋರು, ಮೇಲಿನವರನ್ನು ಬೇಗ ಇಳಿಸಿ.’ ‘ಇವತ್ತು ೩೮. ಜನಕ್ಕಿಂತ ನೊಣ ಹೆಚ್ಚು.’ ‘ಇವತ್ತು ೬೦೪. ಕೈ ಬಿದ್ದುಹೋಯಿತು. ನನ್ನ ಮಗ ಪಾಸಾದ.’ ಹೀಗೆಲ್ಲ ಬರೆದದ್ದು ನನಗೇ ಮರೆತಿತ್ತು. ನೀವು ಒಂದಕ್ಕೂ ಉತ್ತರ ಕೊಡದೆ ಎಲ್ಲವನ್ನೂ ಎತ್ತಿಟ್ಟಿರಿ. ಎಂಥ ಮನುಷ್ಯರು ನೀವು?

ಮ್ಯಾನೇಜರ್ ಎದ್ದು ಕೈ ಒರೆಸಿಕೊಂಡು, ಇದು ಅದೇ ಚಕ್ರ, ಚೀಟಿ ಸಲ್ಲುತ್ತದೆ ಎಂದಳು. ಮೂರು ಮಾತ್ರವಲ್ಲ, ಯಾವ ಬಣ್ಣದ ಹಳೆಯ ಚೀಟಿ ಯಾರ ಬಳಿ ಇದ್ದರೂ ಬರಲಿ, ಮೇ ತಿಂಗಳ ಕೊನೆಯ ಸೋಮವಾರ ಆರಕ್ಕೆ ಗೇಟು ಮುಚ್ಚಿದ ಮೇಲೆ ಚಕ್ರ ಅವರಿಗಾಗಿ ತಿರುಗಲಿ ಎಂದಳು. ಮನೆಯವರ ಗಂಟೆಯನ್ನು ಅವಳಿಗೆ ನಾನು ಹೇಳಿರಲೇ ಇಲ್ಲ. ಚೀಟಿಗಳಲ್ಲಿ ಓದಿದ್ದಳು.

ಈಗ ಕಷ್ಟದ ಮಾತು. ಮೇಲಿನ ಚೀಟಿಯನ್ನು ನಾನು ಹರಿಯಲಿಲ್ಲ. ಓದಬೇಡ ಎಂದರೆ ಓದದೆ ಬಿಡುವವಳೇ ನಾನು? ಬಚ್ಚಿಟ್ಟು ಮನೆಗೆ ತಂದು ದೀಪದ ಕೆಳಗೆ ಹಿಡಿದೆ. ಕೊನೆಯ ದಿನದ್ದು. ನನ್ನದೇ ಅಕ್ಷರ. ‘೫.೪೦. ಇವತ್ತು ೨೦೯.’ ಪಕ್ಕದಲ್ಲಿ ಆ ತಾಯಿಯ ಕೆಂಪು ಚೀಟಿ ಇಟ್ಟೆ. ಮೊಹರಿನಲ್ಲಿ ೫.೪೬.

ಆಗ ಎಲ್ಲ ನೆನಪಾಯಿತು. ಯಜಮಾನರ ಕಡೆಯವರು ಬಂದು ಬೇಗ ಮುಚ್ಚು ಎಂದು ಮೇಜು ಬಡಿದರು. ನಾನು ಗಾಬರಿಯಲ್ಲಿ ಬಿಳಿ ಚೀಟಿ ಬರೆದು ಕಳಿಸಿಬಿಟ್ಟೆ. ಆಮೇಲೆ ಈ ಮೂವರು ಓಡಿಬಂದರು. ಮಕ್ಕಳ ಮುಖ ನೋಡಿ ಇಲ್ಲವೆನ್ನಲಾಗದೆ ಮುಚ್ಚಿದ ಕಿಟಕಿ ತೆರೆದು ಚೀಟಿ ಹರಿದುಕೊಟ್ಟೆ. ಬಿಳಿಯದು ಆಗಲೇ ಹೋಗಿಯಾಗಿದೆ ಎಂಬುದು ಆ ಗಡಿಬಿಡಿಯಲ್ಲಿ ತಲೆಯಿಂದ ಹಾರಿಹೋಯಿತು. ನೀವು ಅವಸರ ಮಾಡಲಿಲ್ಲ. ಬಿಳಿ ಚೀಟಿ ಬಂದ ಮೇಲೆಯೇ ನಿಲ್ಲಿಸಿದಿರಿ, ಯಾವತ್ತಿನಂತೆ. ತಪ್ಪು ನನ್ನದು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಪ್ಪತ್ತೆರಡು ವರ್ಷ ನಿಮ್ಮನ್ನು ಬೈದೆ, ಬೈದದ್ದು ಸಾಲದೆಂದು ಬರೆದೂ ಕಳಿಸಿದೆ. ನನ್ನನ್ನು ಕ್ಷಮಿಸಿ. ಇದನ್ನು ಇನ್ನೂ ಚೆಂದವಾಗಿ ಹೇಳಲು ನನಗೆ ಬರುವುದಿಲ್ಲ.

ಮೇ ಕೊನೆಗೆ ನೀವು ಬರಬೇಕು. ಚಕ್ರವನ್ನು ನೀವೇ ತಿರುಗಿಸಬೇಕು.

ಕಿಟಕಿಯಕ್ಕ


ಮೇ ೬

ಕಿಟಕಿಯಕ್ಕನವರಿಗೆ,

ಹರಿದುಹಾಕಿ ಎಂದಿದ್ದೆ. ನೀವು ಹರಿಯುವವರಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಚೀಟಿ ಹರಿಯುವುದೇ ನಿಮ್ಮ ಕೆಲಸವಾಗಿತ್ತು, ಹರಿಯಿರಿ ಎಂದಾಗ ಮಾತ್ರ ಹರಿಯಲಿಲ್ಲ.

ಕ್ಷಮೆಯ ಮಾತು ಬೇಡ. ಬೋಲ್ಟು ಬಿಟ್ಟಿತಲ್ಲ, ಅದನ್ನು ಮೂರು ಸಲ ಓದಿಸಿಕೊಂಡು ಕೇಳಿದೆ.

ನಾನು ಬರಲಾಗುವುದಿಲ್ಲ. ದೂರದ ಪ್ರಯಾಣ, ಮೊಣಕಾಲು ನೋವು. ನೀವೆಲ್ಲ ಸಂತೋಷವಾಗಿರಿ.

ಚಕ್ರದವನು

ಅಮ್ಮಾ, ಇದರ ಕೆಳಗಿನದು ಅಪ್ಪ ಹೇಳಿ ಬರೆಸಿದ್ದಲ್ಲ. ನಾನು ಅವರ ಮಗಳು. ನೀವು ಹೊಗಳಿದ ದುಂಡಗಿನ ಅಕ್ಷರ ನನ್ನದು. ಅಪ್ಪನಿಗೆ ಎರಡು ವರ್ಷದಿಂದ ಕೈ ನಡುಗುತ್ತದೆ, ಲೋಟ ಹಿಡಿದರೆ ಅರ್ಧ ನೀರು ಚೆಲ್ಲುತ್ತದೆ. ಮೊಣಕಾಲು ಗಟ್ಟಿಮುಟ್ಟಾಗಿದೆ, ನಾಲ್ಕು ಮಹಡಿ ಹತ್ತಿ ಇಳಿಯುತ್ತಾರೆ. ನಡುಗುವ ಕೈಯನ್ನು ಚಕ್ರದ ಮುಂದೆ ತೋರಿಸಲು ನಾಚಿಕೆ, ಅದಕ್ಕೇ ಬರುವುದಿಲ್ಲ ಎನ್ನುತ್ತಾರೆ.

ಇನ್ನೊಂದು ವಿಷಯದ ನಿಜ ನಿಮ್ಮ ಕಾಗದ ಓದುವವರೆಗೂ ನನಗೇ ಗೊತ್ತಿರಲಿಲ್ಲ. ಪಾರ್ಕು ಮುಚ್ಚಿದಾಗ ಯಜಮಾನರು ಎಲ್ಲರಿಗೂ ಒಳ್ಳೆಯ ಕೆಲಸಗಾರರೆಂದು ಕಾಗದ ಬರೆದುಕೊಟ್ಟರಂತೆ. ಆ ಮೂವರು ಹತ್ತದೆ ಹಿಂದಿರುಗಿದ ದೂರಿಗೆ ಅಪ್ಪನ ಕಾಗದದಲ್ಲಿ ಮಾತ್ರ ‘ಹೊತ್ತಿಗೆ ಮುಂಚೆ ಚಕ್ರ ನಿಲ್ಲಿಸಿದವನು’ ಎಂದಿತ್ತು. ಅದನ್ನು ನೋಡಿ ಯಾವ ಪಾರ್ಕಿನವರೂ ಕೆಲಸ ಕೊಡಲಿಲ್ಲ. ನಾನು ಅದನ್ನು ನಿಜವೆಂದೇ ನಂಬಿ ಬೆಳೆದೆ. ಬಿಳಿ ಚೀಟಿ ಯಾಕೆ ತೋರಿಸಲಿಲ್ಲ ಎಂದು ಮೊನ್ನೆ ಕೇಳಿದೆ. “ಆ ವಾರ ಅವಳಿಗೆ ರೈಲ್ವೆ ಕಿಟಕಿಯ ಕೆಲಸ ಸಿಗೋದಿತ್ತು. ಇಬ್ಬರಲ್ಲಿ ಒಬ್ಬರಿಗಾದ್ರೂ ಒಳ್ಳೆ ಕಾಗದ ಬೇಕಿತ್ತಲ್ಲ” ಎಂದರು. ಅಷ್ಟು ಹೇಳಿ ಕಾಫಿ ಕೇಳಿದರು.

ಹಾಕುವ ಮೊದಲು ಕಾಗದ ಓದಿ ಹೇಳು ಎನ್ನುತ್ತಾರೆ. ಈ ಸಾಲುಗಳನ್ನು ಬಿಟ್ಟು ಓದಿದ್ದೇನೆ.


ಮೇ ೧೨

ಚಕ್ರಣ್ಣನವರಿಗೆ, ಮತ್ತು ಮಗಳಿಗೆ,

ಮಗಳೇ, ಇದನ್ನು ಪೂರ್ತಿ ಓದಿ ಹೇಳು. ಒಂದಕ್ಷರವನ್ನೂ ಬಿಡಬೇಡ. ನಿಮ್ಮಪ್ಪ ಎದ್ದು ಹೋಗಲು ನೋಡಿದರೆ ಬಾಗಿಲು ಹಾಕು.

ಚಕ್ರಣ್ಣ, ಮಗಳು ನನಗೆ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟು ಮಾಡಬೇಡಿ, ಅವಳು ನಿಮಗಿಂತ ನೇರ. ಕಾಗದ ಓದಿ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಹದಿನೆಂಟು ವರ್ಷ ರೈಲು ಟಿಕೆಟ್ಟು ಹರಿದೆ. ಮಗನನ್ನು ಓದಿಸಿದೆ, ಮನೆಗೆ ಹೆಂಚು ಹೊದಿಸಿದೆ. ಅದೆಲ್ಲ ನಿಮ್ಮ ಹೆಸರಿನ ಮೇಲೆ ನಿಂತು ಮಾಡಿದ್ದು ಎಂದು ನನಗೆ ಗೊತ್ತಿರಲಿಲ್ಲ. ಇಂಥ ಉಪಕಾರ ಮಾಡಿ ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ಗುಣ ಎಂದುಕೊಂಡಿದ್ದೀರಾ? ನನಗೆ ತೀರಿಸುವ ಅವಕಾಶವನ್ನೇ ಕೊಡಲಿಲ್ಲ. ಸಿಟ್ಟೂ ಬರುತ್ತದೆ, ಕೈ ಮುಗಿಯೋಣವೆಂದೂ ಅನ್ನಿಸುತ್ತದೆ.

ಅತ್ತು ಮುಗಿಸಿ, ಮುಖ ತೊಳೆದು, ಬಿಳಿ ಚೀಟಿ ಹಿಡಿದು ಪಾರ್ಕಿಗೆ ಹೋದೆ. ಮ್ಯಾನೇಜರ ಮುಂದೆ ನನ್ನ ತಪ್ಪನ್ನು ನಾನೇ ಹೇಳಿದೆ. ಕಂಡಕ್ಟರಮ್ಮನ ತಾಯಿಯ ಮನೆಗೂ ಹೋಗಿ ಹೇಳಿದೆ. ಆ ತಾಯಿ ಚೀಟಿಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಮುಚ್ಚಿದ ಕಿಟಕಿ ತೆಗೆದು ಕೊಟ್ರಲ್ಲ, ಅದನ್ನ ಯಾರು ಮಾಡ್ತಾರೆ?” ಎಂದಳು.

ಇದರ ಜೊತೆಗೆ ಎರಡು ಕಾಗದ ಇಟ್ಟಿದ್ದೇನೆ. ಒಂದು ಮ್ಯಾನೇಜರ್ ಸಹಿ ಮಾಡಿ, ಪಾರ್ಕಿನ ಮೊಹರು ಒತ್ತಿದ್ದು. ಮಗಳೇ, ಇದನ್ನು ಜೋರಾಗಿ ಓದು: ‘ಈ ಪಾರ್ಕಿನ ದೊಡ್ಡ ಚಕ್ರವನ್ನು ಹದಿನೇಳು ವರ್ಷ ನಡೆಸಿದ ಇವರು, ಮೊದಲ ದಿನದಿಂದ ಕೊನೆಯ ದಿನದವರೆಗೆ, ಹೊತ್ತಿಗೆ ಸರಿಯಾಗಿಯೇ ಚಕ್ರ ನಿಲ್ಲಿಸಿದವರು. ಇದಕ್ಕೆ ಐದು ಸಾವಿರದ ಮುನ್ನೂರ ಹನ್ನೊಂದು ಲಿಖಿತ ಸಾಕ್ಷಿಗಳು ನಮ್ಮಲ್ಲಿವೆ.’ ಈಗ ಇನ್ನೊಂದು ಸಲ ಓದು.

ಎರಡನೆಯದು ರೈಲು ಟಿಕೆಟ್ಟು. ನಿಮ್ಮಿಬ್ಬರಿಗೆ. ಕೆಳಗಿನ ಬರ್ತು, ಕಿಟಕಿಯ ಪಕ್ಕ. ನಾನು ಕೂರುತ್ತಿದ್ದ ಕಿಟಕಿಗೇ ಹೋಗಿ ತೆಗೆಸಿದ್ದು. ನಾನು ತೆಗೆಸಿದ ಟಿಕೆಟ್ಟನ್ನು ಸಲ್ಲದಂತೆ ಮಾಡಿದರೆ ಏನಾಗುತ್ತದೆಂದು ಈಗ ನಿಮಗೆ ಗೊತ್ತಿದೆ, ಪಾರ್ಕಿನ ಕಂಪನಿಯನ್ನು ಕೇಳಿ.

ಕೈಯ ಚಿಂತೆ ಬಿಡಿ. ಚಕ್ರಕ್ಕೆ ಈಗ ಎಳೆಯುವ ಹಿಡಿಕೆಯಿಲ್ಲ, ಅಂಗೈಯಗಲದ ಒಂದು ಹಸಿರು ಗುಂಡಿ. ನೋಡಿಕೊಳ್ಳಲು ಅವರ ಆಪರೇಟರ್ ಪಕ್ಕದಲ್ಲೇ ಇರುತ್ತಾನೆ. ಹಳೆಯ ಚೀಟಿ ಇಟ್ಟುಕೊಂಡವರು ಒಟ್ಟು ಅರವತ್ತೊಂದು ಮಂದಿ ಹೆಸರು ಬರೆಸಿದ್ದಾರೆ. ಪುಸ್ತಕದ ನಡುವೆ, ಪರ್ಸಿನ ಮೂಲೆಯಲ್ಲಿ, ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡವರು. ಗೇಟಿನ ಪಕ್ಕ ಒಂದು ಮೇಜು, ಒಂದು ಕಿಟಕಿಯ ಚೌಕಟ್ಟು ಹಾಕಿಸಿಕೊಡುತ್ತಾರೆ. ರಬ್ಬರ್ ಟೋಪಿ ಹುಡುಕಿ ಇಟ್ಟಿದ್ದೇನೆ. ಮೀನಿನ ಪಂಚಿಗೆ ಎಣ್ಣೆ ಬಿಟ್ಟಿದ್ದೇನೆ.

ಕಿಟಕಿಯಕ್ಕ


ಮೇ ೩೦, ಸೋಮವಾರ

(ಬಿಳಿ ಚೀಟಿ, ಮುಂಬದಿ)

೬.೪೮. ಇವತ್ತು ೬೧, ಅದರಲ್ಲಿ ಮೂರು ಕೆಂಪು. ಕೊನೆಯವರು ಹೋಗಿ ಹತ್ತು ನಿಮಿಷ ಎಣಿಸಿ ಕೂತಿದ್ದೇನೆ. ಆ ತಾಯಿ ತುದಿಯಲ್ಲಿ ಕೈ ಬೀಸಿದ್ದು ಇಲ್ಲಿಂದ ಕಂಡಿತು. ಎಲ್ಲರೂ ಇಳಿದ ಮೇಲೆ ನಿಲ್ಲಿಸಿ. ಗೆದ್ದೆವು.

(ಅದೇ ಚೀಟಿ, ಹಿಂಬದಿ, ನಡುಗುವ ಅಕ್ಷರದಲ್ಲಿ)

ಮೂವರೂ ಇಳಿದರು. ಚಿಕ್ಕವಳು, ಇದಕ್ಕೆ ಎಚ್ಚರವಾಯಿತಾ ಎಂದು ಕೇಳಿದಳು. ಹೌದೆಂದೆ. ಅಕ್ಷರ ಓದಲಾಗದಿದ್ದರೆ ಬೈಯಬೇಡಿ, ಕಾಗೆಕಾಲು ಗುಬ್ಬಿಕಾಲು ನಿಮ್ಮೊಬ್ಬರ ಸ್ವತ್ತಲ್ಲ. ಇಷ್ಟು ವರ್ಷದ ಅಷ್ಟೂ ಚೀಟಿಗೆ ಸೇರಿ ಇದೊಂದು ಉತ್ತರ. ಬಿಳಿ ಚೀಟಿ ಬಂದರೂ ಇವತ್ತು ಚಕ್ರ ನಿಲ್ಲಿಸುವುದಿಲ್ಲ. ಇನ್ನೂ ಒಬ್ಬರು ಹತ್ತಿಲ್ಲ. ನಿಮ್ಮ ಅತ್ತೆ ಕೂತಿದ್ದ ನಾಲ್ಕನೇ ತೊಟ್ಟಿಲು ಖಾಲಿ ಇದೆ. ಕಿಟಕಿ ಮುಚ್ಚಿ ಬನ್ನಿ.